ಇಳೀಬ್ಯಾಡ ಅಂದವರು ನೀವು

ಮಾವಾರಿಗೆ, ನಿಮ್ಮ ಸೊಸೆ ಗಿರಿಜಾಳ ಶರಣು. ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ, ಹಾಗಾಗಿ ಎರಡೂ ಕೈ ಜೋಡಿಸಿದ್ದೇನೆ. ಸೈಕಲ್ ಮೇಲಿದ್ದಿದ್ದರೆ ನೀವು ಕಲಿಸಿದ ಹಾಗೆ ಒಂದೇ ಕೈ ಎತ್ತುತ್ತಿದ್ದೆ.

ಮದುವೆಯಾಗಿ ಬಂದ ಹೊಸದರಲ್ಲಿ ನಿಮ್ಮ ಚಹಾ ಬಾಗಿಲ ಬಾಜು ಇಟ್ಟು, ಬಳೆ ಸಪ್ಪಳ ಮಾಡಿ ಒಳಗೆ ಓಡುತ್ತಿದ್ದೆ. ನೆನಪಿದೆಯಾ? ನೀವು ಹೈಸ್ಕೂಲಿನ ಡ್ರಿಲ್ ಮಾಸ್ತರು. ನಿಮ್ಮ ಸೀಟಿ ಕೇಳಿದರೆ ಹೊಲದಲ್ಲಿ ಎತ್ತುಗಳೂ ನಿಲ್ಲುತ್ತವೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅಂಥವರ ಎದುರು ನಿಂತು ಮಾತಾಡುವ ಧೈರ್ಯ ನನಗೆಲ್ಲಿತ್ತು? ನೀವಿದ್ದಷ್ಟು ದಿನ ನಿಮ್ಮ ಹತ್ತಿರ ಹೇಳಬೇಕಾದದ್ದನ್ನೆಲ್ಲ ಅತ್ತೆಯವರ ಕಡೆಯಿಂದ ಹೇಳಿಸಿದೆ. ಈಗ ನೇರ ನಿಮಗೇ ಹೇಳಬೇಕು ಅನಿಸುತ್ತದೆ, ನೋಡಿ, ಈಗ.

ಪಕ್ಕದೂರಿನ ಅಂಗನವಾಡಿಯಲ್ಲಿ ನನಗೆ ಕೆಲಸ ಸಿಕ್ಕಿತಲ್ಲ, ಆಗ ಬಸ್ಸಿನ ಹೊತ್ತಿಗೂ ನನ್ನ ಹೊತ್ತಿಗೂ ತಾಳೆಯೇ ಆಗುತ್ತಿರಲಿಲ್ಲ. ನಿಮ್ಮ ಮಗ ತಾನೇ ಬೈಕಿನಲ್ಲಿ ಬಿಡುತ್ತೇನೆ ಎಂದು ಶೂರನ ಹಾಗೆ ಹೇಳಿ ನಾಲ್ಕು ದಿನ ಬಿಟ್ಟರು, ಆಮೇಲೆ ಅವರಿಗೆ ಹೊಲದ ಕೆಲಸ ಬಂತು. ಒಂದು ಮಧ್ಯಾಹ್ನ ಊಟಕ್ಕೆ ಕೂತ ನೀವು ಅತ್ತೆಯವರಿಗೆ, "ಆಕೀಗೆ ಸೈಕಲ್ ಕಲಿಸೂಣು" ಅಂದಿರಿ. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಹಾಗೇ ನಿಂತಿತು. ಕಲಿಸುವುದು ಸರಿ, ಆದರೆ ಹಿಡಿಯುವವರು ಯಾರು? ಮಾವ ಆದವರು ಸೊಸೆಯ ಸೀಟು ಹಿಡಿದು ಓಡುವುದುಂಟೇ? ಅದಕ್ಕೂ ನೀವೇ ದಾರಿ ಹುಡುಕಿದಿರಿ. ಕಣದ ಆ ತುದಿಯಲ್ಲಿ ನಿಂತು ನೀವು ಹೇಳುವುದು, ಈ ತುದಿಯಿಂದ ಕ್ಯಾರಿಯರ್ ಹಿಡಿದು ಅತ್ತೆಯವರು ಓಡುವುದು. ಪಾಪ, ಸೀರೆ ಎತ್ತಿ ಕಟ್ಟಿಕೊಂಡು ಏದುಸಿರು ಬಿಡುತ್ತಾ, ಕಲಿಯುವವಳು ಒಬ್ಬಳು, ಸಾಯುವವಳು ಇನ್ನೊಬ್ಬಳು ಎಂದು ಗೊಣಗುತ್ತಿದ್ದರು. ಗೊಣಗಿದರೂ ಒಂದು ದಿನವೂ ತಪ್ಪಿಸಲಿಲ್ಲ.

ಅಂತೂ ಕಲಿತೆ. ಆದರೆ ನೀವು ನಿಂತ ತುದಿ ಹತ್ತಿರ ಬಂದ ಕೂಡಲೇ ನನ್ನ ಕಾಲು ತಾನಾಗಿಯೇ ಕೆಳಗೆ ಬರುತ್ತಿತ್ತು. ಇಳಿದು, ಸೆರಗು ತಲೆಗೆ ಎಳೆದುಕೊಂಡು, ನೆಲ ನೋಡುತ್ತಾ ನಿಲ್ಲುತ್ತಿದ್ದೆ. ಮತ್ತೆ ಹೋಗು ಅನ್ನುತ್ತಿದ್ದಿರಿ, ಮತ್ತೆ ಬಂದು ಇಳಿಯುತ್ತಿದ್ದೆ. ಹಿರಿಯರು ಎದುರಾದರೆ ಸೈಕಲ್ ಮೇಲೆ ಕೂತು ದಾಟಬಾರದು ಎಂದು ನಮ್ಮ ಕಡೆ ಯಾರೂ ಕಲಿಸುವುದಿಲ್ಲ, ಅದು ಮೈಯಲ್ಲೇ ಇರುತ್ತದೆ. ನನ್ನ ತವರು ಶಲವಡಿಯಲ್ಲಿ ಅಣ್ಣಂದಿರು ಹಿರಿಯರನ್ನು ದೂರದಲ್ಲಿ ಕಂಡರೂ ಇಳಿದು, ತಳ್ಳಿಕೊಂಡೇ ದಾಟಿ, ಆಮೇಲೆ ಹತ್ತುತ್ತಿದ್ದರು. ಕೊನೆಗೆ ಒಂದು ಸಂಜೆ ನಿಮಗೆ ಸಾಕಾಯಿತು. ಅತ್ತೆಯವರನ್ನು ನಡುವೆ ಇಟ್ಟುಕೊಳ್ಳದೆ ನೀವು ನನ್ನ ಹತ್ತಿರ ಆಡಿದ ಮೊದಲ ಮಾತು ಅದು.

"ಇಲ್ಲಿ ನಾ ನಿನ್ನ ಮಾವ ಅಲ್ಲವ್ವಾ, ಮಾಸ್ತರ. ಇಳೀಬ್ಯಾಡ. ಒಂದ ಕೈ ಎತ್ತಿ ಶರಣ್ರಿ ಅನ್ನು, ಮುಂದ ಹೋಗು."

ಒಂದು ಕೈ ಎತ್ತಿದರೆ ಬೀಳುತ್ತೇನೆ ಎಂದು ಸೆರಗಿನೊಳಗೇ ಅಂದೆ. ಬೀಳು ಅಂದಿರಿ. ಬಿದ್ದೆ ಕೂಡ. ಮೊಣಕಾಲು ಕೆತ್ತಿದ ಗುರುತು ಇನ್ನೂ ಇದೆ.

ಆಮೇಲೆ ನಿಮಗೆ ಹುಚ್ಚೇ ಹಿಡಿಯಿತು. ನಿವೃತ್ತಿಯಾದ ಮೇಲೆ ರವಿವಾರ ಬಂದರೆ ಸಾಕು, ಯರಗುಪ್ಪಿಯ ಹೈಸ್ಕೂಲಿಗೆ ಹೋಗುವ ಹುಡುಗ ಹುಡುಗಿಯರನ್ನೆಲ್ಲ ಸಾಲು ಹಚ್ಚಿ ರಸ್ತೆಗೆ ಕರೆದೊಯ್ಯುತ್ತಿದ್ದಿರಿ. ಸೈಕಲ್ ಹೊಡೆಯಲು ಬರುತ್ತದೆ ಅನ್ನುವುದು ಬೇರೆ, ರಸ್ತೆಯಲ್ಲಿ ಹೊಡೆಯಲು ಬರುತ್ತದೆ ಅನ್ನುವುದು ಬೇರೆ ಎಂದು ಅವರಿಗೆ ಹೇಳಿದ್ದನ್ನೇ ನಮ್ಮಂಥ ಹೆಂಗಸರಿಗೂ ಹೇಳಿದಿರಿ. ಡಾಂಬರಿನ ಅಂಚಿಗೆ ಹೋಗಬಾರದು, ಒಂದು ಮೊಳ ಒಳಗೇ ಇರಬೇಕು. ಬಸ್ಸು ಹಾರ್ನ್ ಹಾಕಿತೆಂದು ಗಾಬರಿಯಾಗಿ ಕೆಳಗಿಳಿಸಿದರೆ ಎರೆ ಮಣ್ಣು ಗಾಲಿಯನ್ನು ಕಚ್ಚಿ ಹಿಡಿಯುತ್ತದೆ. ತಿರುಗುವ ಮೊದಲು ಹಿಂದೆ ನೋಡಬೇಕು, ಕೈ ಚಾಚಬೇಕು. ಮಕ್ಕಳ ತಾಯಂದಿರೂ ಬಂದರು. ಕೂಲಿಗೆ ಹೋಗುವ ರೇಣವ್ವ, ತನ್ನ ಮಗಳು ಕಸ್ತೂರಿಯ ಹಿಂದೆಯೇ ನಾಚಿಕೊಂಡು ಬಂದು, ಉಳಿದ ತಾಯಂದಿರಿಗಿಂತ ಮೊದಲು ಕಲಿತಳು. ಅವಳ ಕ್ಯಾರಿಯರೂ ಹಿಡಿದವರು ಅತ್ತೆಯವರೇ.

ಬಸ್ಸಿಗಿಂತ ನನಗೆ ಊರ ಹಿರಿಯರ ಅಂಜಿಕೆ ಎಂದು ನೀವು ಹೇಳಿದಾಗ ನಾವೆಲ್ಲ ನಕ್ಕಿದ್ದೆವು. ಆದರೆ ನಿಜವೇ ಅಲ್ಲವೇ? ಕಟ್ಟೆಯ ಮೇಲೆ ಹಿರಿಯರು ಕಂಡರೆ ಮಕ್ಕಳು ನಡುರಸ್ತೆಯಲ್ಲಿ ಟಪ್ ಅಂತ ಇಳಿಯುತ್ತಿದ್ದವು, ಹಿಂದೆ ಏನು ಬರುತ್ತಿದೆ ಎಂದು ನೋಡುತ್ತಲೂ ಇರಲಿಲ್ಲ. ಅದಕ್ಕೇ ಎಲ್ಲರಿಗೂ ಒಂದು ಕೈಯ ಶರಣು ಕಲಿಸಿದಿರಿ. ಹಿರಿಯರಿಗೆ ಮರ್ಯಾದೆಯೂ ಆಯಿತು, ಮಕ್ಕಳಿಗೆ ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿಯುವ ಅಭ್ಯಾಸವೂ ಆಯಿತು. ಬಲಕ್ಕೆ ತಿರುಗಲು ಕೈ ಚಾಚಿದ ಮಕ್ಕಳಿಗೂ ಕಟ್ಟೆಯ ಅಜ್ಜಂದಿರು ಶರಣು ಶರಣು ಎಂದು ಕೈ ಎತ್ತುತ್ತಿದ್ದದ್ದು ಬೇರೆ ಮಾತು. ಮೊದಮೊದಲು ಕೆಲವರು ಮುಖ ಸಿಂಡರಿಸಿದರು, ಮಾಸ್ತರು ಮಕ್ಕಳಿಗೆ ಸೊಕ್ಕು ಕಲಿಸುತ್ತಿದ್ದಾರೆ ಅಂದರು. ಮಲ್ಲಪ್ಪಜ್ಜ ಮಾತ್ರ ಏನೂ ಅನ್ನಲಿಲ್ಲ.

ಮಲ್ಲಪ್ಪಜ್ಜ ನಿಮ್ಮ ಕಾಕಾ. ನಿಮ್ಮ ಅಪ್ಪ ತೀರಿದ ಮೇಲೆ ತಮ್ಮ ಮಕ್ಕಳ ತಾಟಿನ ಬಾಜು ನಿಮ್ಮ ತಾಟು ಇಟ್ಟು, ನೀವು ಮಾಸ್ತರಾಗುವ ತನಕ ಓದಿಸಿದವರು. ಅವರು ಎದುರಾದಾಗ ನೀವು ಒಂದು ಕೈ ಎತ್ತಿದ್ದನ್ನು ನಾನು ಎಂದೂ ನೋಡಲಿಲ್ಲ. ತಲೆ ನರೆತ ಮಾಸ್ತರು, ಹಿಂದೆ ಮಕ್ಕಳ ಸಾಲು, ಆದರೂ ಸೈಕಲ್ ಇಳಿದು, ಎರಡು ಕೈ ಜೋಡಿಸಿ, ಅಜ್ಜ ದಾಟುವ ತನಕ ನಿಲ್ಲುತ್ತಿದ್ದಿರಿ. ನನ್ನ ಮಗಳು ಸಹನಾ ಒಮ್ಮೆ ಕೇಳಿಯೇ ಬಿಟ್ಟಳು, ನಮಗೆ ಬೇಡ ಅಂದು ನೀವ್ಯಾಕೆ ಇಳಿಯುತ್ತೀರಿ ಅಜ್ಜಾ ಎಂದು. "ನನಗ ಕಲಿಸೋ ಮಾಸ್ತರ ಸಿಗಲಿಲ್ಲವ್ವಾ" ಅಂದಿರಿ. ಎಷ್ಟು ನಕ್ಕೆವು ಅವತ್ತು!

ಹತ್ತಿ ಬಿಡಿಸುವ ಕಾಲ. ನಾನು ಅಂಗನವಾಡಿಯಲ್ಲಿ ಮಕ್ಕಳಿಗೆ ಊಟ ಬಡಿಸುತ್ತಿದ್ದೆ, ಯಾರೋ ಬಂದು ಬೇಗ ಮನೆಗೆ ಹೋಗಬೇಕಂತೆ ಅಂದರು. ನೀವು ಹೊಲದಿಂದ ಬರುತ್ತಿದ್ದಿರಂತೆ. ಹಿಂದಿನಿಂದ ಹತ್ತಿ ಹೇರಿದ ಟ್ರ್ಯಾಕ್ಟರ್. ಹತ್ತಿಯ ಹೇರು ಟ್ರೇಲರಿನ ಎರಡೂ ಬದಿಗೆ ಉಬ್ಬಿ ಹೊರಗೆ ಚಾಚಿರುತ್ತದೆ, ಅದು ದಾಟುವಾಗ ಹ್ಯಾಂಡಲ್ ಅಲ್ಲಾಡಿಸಬಾರದು ಎಂದು ನಮಗೆ ಹೇಳಿದವರೇ ನೀವು. ಓಡಿಸುವವನದು ತಪ್ಪಿಲ್ಲ, ಹಾರ್ನ್ ಹಾಕಿ, ಆದಷ್ಟು ಬಾಜು ಸರಿದೇ ಬಂದಿದ್ದ. ಆದರೆ ಎದುರಿಗೆ, ಬೇವಿನ ಗಿಡದ ಹತ್ತಿರ, ಕೋಲೂರಿಕೊಂಡು ಮಲ್ಲಪ್ಪಜ್ಜ ಬರುತ್ತಿದ್ದರು. ನೀವು ಬಲಗಾಲು ಹಿಂದಕ್ಕೆ ಎತ್ತಿ ಇಳಿಯಲು ಹೋದಿರಿ, ಹ್ಯಾಂಡಲ್ ಬಲಕ್ಕೆ ವಾಲಿತು. ಹೇರು ತಾಗಿತು.

ಯಾಕೆ ಇಳಿದಿರಿ ಮಾವಾರ? ಹಿಂದೆ ನೋಡದೆ ಇಳೀಬ್ಯಾಡ ಎಂದು ಊರಿಗೆಲ್ಲ ಹೇಳಿದವರು ನೀವಲ್ಲವೇ? ಆ ಒಂದು ಸಲ, ಒಂದೇ ಒಂದು ಸಲ, ಕೈ ಎತ್ತಿ ಶರಣ್ರಿ ಕಾಕಾ ಅಂದು ಮುಂದೆ ಬಂದಿದ್ದರೆ...

ನಾನು ಬರುವ ಹೊತ್ತಿಗೆ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಗೋಡೆಗೆ ಆನಿಸಿ ನಿಮ್ಮನ್ನು ಕೂರಿಸಿದ್ದರು. ಹಣೆಗೆ ವಿಭೂತಿ. ಅವತ್ತು ಮೊದಲ ಸಲ ನಾನು ಕಣ್ಣೆತ್ತಿ ನಿಮ್ಮ ಮುಖವನ್ನು ಪೂರ್ತಿ ನೋಡಿದೆ. ನಿಮ್ಮ ಎಡ ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೆರೆ ಇದೆ ಎಂಬುದೂ ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ನಿಮಗೆ ಊಟ ಬಡಿಸಿದ್ದೇನೆ, ಮಾವಾರ. ಅಳು ಬರುವ ಮೊದಲು ನನಗೆ ಸಿಟ್ಟು ಬಂತು, ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಆಮೇಲೆ ಊರಲ್ಲಿ ಒಂದೇ ಮಾತು. ಕಲಿಸಿದ ಮಾಸ್ತರೇ ರಸ್ತೆಯಲ್ಲಿ ಹೋದರು, ಇನ್ನು ಮಕ್ಕಳ ಗತಿ ಏನು? ಯಾರೂ ಸಭೆ ಸೇರಿ ತೀರ್ಮಾನ ಮಾಡಲಿಲ್ಲ, ಆದರೆ ಎಲ್ಲರ ಸೈಕಲ್ಲೂ ಗೋಡೆಗೆ ಒರಗಿದವು. ನಿಮ್ಮ ಮಗ ಸಹನಾಳನ್ನು ಟಂಟಂ ಆಟೋಕ್ಕೆ ಹಚ್ಚಿದರು. ಅದು ಜನ ತುಂಬುವ ತನಕ ಹೊರಡುವುದಿಲ್ಲ, ಮೊದಲ ತಾಸಿನ ಪಾಠ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ನಾನೂ ಸೈಕಲ್ ಮುಟ್ಟಲಿಲ್ಲ, ನಡೆದೇ ಅಂಗನವಾಡಿಗೆ ಹೋದೆ. ರೇಣವ್ವನಿಗೆ ದಿನಾ ಟಂಟಂ ಬಾಡಿಗೆ ಎಲ್ಲಿ ನೀಗಬೇಕು? ಕಸ್ತೂರಿ ಶಾಲೆ ಬಿಟ್ಟಳು. ಒಂದು ಮುಂಜಾನೆ ತಲೆಗೆ ವಸ್ತ್ರ ಸುತ್ತಿಕೊಂಡು ಮೆಣಸಿನಕಾಯಿ ಬಿಡಿಸಲು ಹೋಗುತ್ತಾ ನನಗೆ ಎದುರಾದಳು. ಮಾತಾಡಿಸಿದರೆ ನಿಲ್ಲಲಿಲ್ಲ. ಸಾಲಿನಲ್ಲಿ ಎಲ್ಲರಿಗಿಂತ ನೆಟ್ಟಗೆ ಕೈ ಎತ್ತುತ್ತಿದ್ದ ಹುಡುಗಿ ಅದು.

ಮಲ್ಲಪ್ಪಜ್ಜ ನಿಮ್ಮ ಮಣ್ಣಿಗೆ ಬಂದವರು ಆಮೇಲೆ ಮನೆಯಿಂದ ಹೊರಬಿದ್ದಿರಲಿಲ್ಲ. ಮೊನ್ನೆ ಹೊತ್ತು ಏರುವ ಮೊದಲು ನಮ್ಮ ಕಟ್ಟೆಗೆ ಬಂದು ಕೂತು ನನ್ನನ್ನು ಕರೆದರು. ಬಾಗಿಲ ಹಿಂದೆ ನಿಂತೆ. ಹೊರಗೆ ಬಾ ಅಂದರು, ಬಂದೆ. ಕೋಲಿನಿಂದ ನೆಲ ಕೆರೆಯುತ್ತಾ ಹೇಳಿದರು.

"ಅಂವಾ ನನ್ನ ನೋಡಿ ಇಳದಾಗೆಲ್ಲಾ ನನಗ ಖುಷಿ ಆಗತಿತ್ತವ್ವಾ. ನನ್ನ ಹುಡುಗ ಅಂತ. ಇಳೀಬ್ಯಾಡಲೇ ಅಂತ ಒಂದ ಸಲ ಅನ್ನಲಿಲ್ಲ ನಾ."

ಅಷ್ಟು ಅಂದು ಧೋತರದ ಚುಂಗಿನಿಂದ ಮುಖ ಮುಚ್ಚಿಕೊಂಡರು. ನೀರು ತಂದು ಇಟ್ಟೆ. ಆಮೇಲೆ ಅವರೇ ಹೇಳಿದರು, ಹುಡುಗರನ್ನು ಮತ್ತೆ ರಸ್ತೆಗೆ ಕರೆದುಕೊಂಡು ಬಾ, ಬೇವಿನ ಗಿಡದ ಹತ್ತಿರ ನಾನು ನಿಂತಿರುತ್ತೇನೆ, ಯಾರೂ ಇಳಿಯದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ನೀವು ನಿಂತರೆ ಇಳಿಯದೆ ಹೇಗೆ ಹೋಗುವುದು ಎಂದು ಕೇಳಿದೆ. ಬಾ ನೀನು ಅಂದರು, ಅಷ್ಟೇ.

ನಿಮ್ಮ ಮಗ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಸಂಜೆ ನೋಡಿದರೆ ಸಹನಾಳ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅದನ್ನು ಕಂಡು ನನಗೂ ಧೈರ್ಯ ಬಂತು, ರೇಣವ್ವನ ಮನೆಗೆ ಹೋದೆ. ಮುಂದೆ ನಾನೇ ಇರುತ್ತೇನೆ, ಕಸ್ತೂರಿಯನ್ನು ಕಳಿಸು ಅಂದೆ. ಅವಳು ಒಲೆಯ ಮುಂದೆ ಕೂತವಳು ತಿರುಗಿಯೂ ನೋಡದೆ, ಮಾಸ್ತರೂ ಇರುತ್ತೇನೆ ಅಂದಿದ್ದರಲ್ಲಕ್ಕಾ ಅಂದಳು. ಹಾಗೇ ಎದ್ದು ಬಂದೆ. ಮನೆಯಲ್ಲಿ ಅತ್ತೆಯವರು ನೀವು ಹೋದ ಮೇಲೆ ಮೊದಲ ಸಲ ದನಿ ಏರಿಸಿ ನನ್ನನ್ನು ಬೈದರು. "ಕಲಿಸಿದಾಂವ ಹ್ವಾದ. ಕ್ಯಾರಿಯರ್ ಹಿಡದಾಕಿ ನಾ ಇನ್ನೂ ಅದೀನಿ, ನನ್ನ ಯಾಕ ಕರೀಲಿಲ್ಲ?" ಚಪ್ಪಲಿ ಮೆಟ್ಟಿಕೊಂಡು ತಾವೇ ರೇಣವ್ವನ ಮನೆಗೆ ಹೊರಟರು. ಅಲ್ಲಿ ಏನು ಮಾತಾಡಿದರೋ ನನಗೆ ಹೇಳಿಲ್ಲ.

ಇನ್ನು ನಿಮಗೆ ಗೊತ್ತಿಲ್ಲದ್ದು ಹೇಳುತ್ತೇನೆ. ನಿನ್ನೆ ಮುಂಜಾನೆ ಹೊರಟೆವು. ಮುಂದೆ ನಾನು, ನನ್ನ ಹಿಂದೆ ಸಹನಾ, ಅವಳ ಹಿಂದೆ ಇನ್ನಷ್ಟು ಮಕ್ಕಳು. ಎಲ್ಲರಿಗಿಂತ ಹಿಂದೆ ಕಸ್ತೂರಿ, ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು. ಊರ ತುದಿಯ ತನಕ ಅತ್ತೆಯವರು ಅವಳ ಕ್ಯಾರಿಯರ್ ಮುಟ್ಟಿಕೊಂಡೇ ಬಂದರು, ಅವಳಿಗೆ ಅದು ಬೇಕಿರಲಿಲ್ಲ. ಅಂಚಿನಿಂದ ಒಂದು ಮೊಳ ಒಳಗೇ ಇದ್ದೆವು. ದೂರದಲ್ಲಿ ಬೇವಿನ ಗಿಡ ಕಂಡಿತು, ಅದರ ಕೆಳಗೆ ಬಿಳಿ ಧೋತರ. ಅಲ್ಲಿಯೇ ಅಲ್ಲವೇ ನೀವು... ಕಾಲು ಆಗಲೇ ಪೆಡಲ್ ಬಿಡಲು ಸಿದ್ಧವಾಗಿತ್ತು.

ಬೆಲ್ ಹೊಡೆದೆ. ಕೇಳಿದ ಕೂಡಲೇ ಮಲ್ಲಪ್ಪಜ್ಜ ತಿರುಗಿ ನಮ್ಮ ಕಡೆ ಬೆನ್ನು ಮಾಡಿ, ಹೊಲಕ್ಕೆ ಮುಖ ಹಾಕಿ ನಿಂತರು. ಹುಟ್ಟಿದಾಗಿನಿಂದ ಊರೆಲ್ಲ ಯಾರನ್ನು ಕಂಡು ಇಳಿಯುತ್ತಿತ್ತೋ ಆ ಅಜ್ಜ, ಯಾರೂ ಇಳಿಯಬಾರದೆಂದು ತಮ್ಮ ಮುಖವನ್ನೇ ಆಚೆ ತಿರುಗಿಸಿಕೊಂಡರು. ಹಾಗೆ ಬೆನ್ನು ಮಾಡಿಕೊಂಡೇ ಒಂದು ಕೈ ಮೇಲೆತ್ತಿದರು.

ನಾನು ಇಳಿಯಲಿಲ್ಲ, ಮಾವಾರ. ಒಂದು ಕೈ ಎತ್ತಿ ಶರಣ್ರಿ ಅಜ್ಜಾ ಅಂದೆ. ಹಿಂದೆ ಒಬ್ಬೊಬ್ಬರೇ ಶರಣ್ರಿ ಅನ್ನುವುದು ಕೇಳಿಸಿತು. ಕೊನೆಗೆ ಕಸ್ತೂರಿಯದೂ ಕೇಳಿಸಿತು. ನೀವು ಕಲಿಸಿದ ಹಾಗೆ ಹ್ಯಾಂಡಲ್ ಅಲ್ಲಾಡಿಸದೆ, ಹೆಗಲ ಮೇಲಿಂದ ಹಿಂದೆ ನೋಡಿದೆ. ಎಲ್ಲರೂ ಸೈಕಲ್ ಮೇಲೇ ಇದ್ದರು. ಅಜ್ಜ ಇನ್ನೂ ಹೊಲದ ಕಡೆಗೇ ಮುಖ ಮಾಡಿ ನಿಂತಿದ್ದರು, ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ.

ನಿಮ್ಮ ಸೊಸೆ
ಗಿರಿಜಾ