ಯಾವ ತಾಯಿಯ ಹೆಸರು?

ಬುಧವಾರ, ಮಧ್ಯಾಹ್ನ

ಪುಟ್ಟಿಗೆ ಅಮ್ಮನ ಆಶೀರ್ವಾದಗಳು. ನೀನು ಸೇರಬೇಕೆಂದಿರುವ ಧರ್ಮದಲ್ಲಿ ಇವು ಚಲಾವಣೆಯಲ್ಲಿವೆಯೋ ಇಲ್ಲವೋ ಗೊತ್ತಿಲ್ಲ. ಹೇಗೂ ಇಟ್ಟುಕೋ.

ನಿನ್ನೆ ನೀನು ಫೋನಿನಲ್ಲಿ ಕೂಗಾಡಿದ್ದು ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ನಿನ್ನ ಊರಿಗೆ ಬಂದೂ ನಿನ್ನ ಮುಖ ನೋಡದೆ ಹೋದೆನಂತೆ. ಹೋಗುವ ಮುಂಚೆ ನಿನ್ನ ಯಹೂದಿ ಗುರು, ಆ ರಬ್ಬಿಯ ಹತ್ತಿರ ಜಗಳ ಬೇರೆ ಆಡಿದೆನಂತೆ. ಸರಿಯಾದ ಕಾರಣ ಹೇಳುವವರೆಗೆ ನನ್ನ ಜೊತೆ ಮಾತು ಬೇಡವಂತೆ. ಬಾಯಿ ತೆರೆಯಲು ಬಿಟ್ಟರೆ ತಾನೇ ಕಾರಣ ಹೇಳುವುದು? ಅದಕ್ಕೇ ಈ ಕಾಗದ. ಇದಕ್ಕೆ ನಡುವೆ ಬಾಯಿ ಹಾಕಲು ನಿನ್ನಿಂದಾಗದು.

ತಪ್ಪು ಯಾರದು ಎನ್ನುವುದು ಮೊದಲು ಇತ್ಯರ್ಥವಾಗಲಿ. ಶಾಲೆಯ ಪುಸ್ತಕಕ್ಕೆ ಲೋಕದ ಧರ್ಮಗಳ ಪಾಠ ಬರೆದವಳು ನಾನು, ಟೈಪು ಮಾಡಿಕೊಟ್ಟವಳು ನೀನು. ಎಷ್ಟು ಮಕ್ಕಳು ಆ ಪಾಠವನ್ನು ಉರು ಹೊಡೆದು, ಪರೀಕ್ಷೆಯಲ್ಲಿ ಕಕ್ಕಿ, ಮರೆತು ಹಾಯಾಗಿದ್ದಾರೆ! ನಂಬಿದವಳು ನೀನೊಬ್ಬಳೇ. ಯಹೂದಿಗಳ ಭಾಗಕ್ಕೆ ಬಂದಾಗ ನಿನ್ನ ಬೆರಳು ನಿಂತಿತು. ಅವರು ದೇವರ ಜೊತೆ ವಾದ ಮಾಡಬಹುದಾ ಎಂದು ನೀನು ಕೇಳಿದೆ. ಮಾಡಬಹುದು, ಅವರ ಹಿರಿಯರೇ ಮಾಡಿದ್ದಾರೆ ಎಂದೆ. ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಈ ಗತಿ ಬರುತ್ತಿರಲಿಲ್ಲ. ನಾನೋ, ಪಾಠ ಹೇಳುವ ಚಟದವಳು. ವಾರಕ್ಕೊಂದು ದಿನ ಅವರು ದುಡಿಮೆಯನ್ನೆಲ್ಲ ನಿಲ್ಲಿಸುತ್ತಾರೆ ಎಂದೆ. ದಾನಕ್ಕೆ ಅವರು ಹೇಳುವ ಪದ ನ್ಯಾಯದಿಂದ ಬಂದದ್ದು, ಕೊಟ್ಟವನು ದೊಡ್ಡಸ್ತಿಕೆ ಮೆರೆಯುವ ಹಾಗಿಲ್ಲ ಎಂದೆ. ಸತ್ತವರಿಗಾಗಿ ಹೇಳುವ ಪ್ರಾರ್ಥನೆಗೆ ಹತ್ತು ಜನ ಸೇರಲೇಬೇಕು, ಆದ್ದರಿಂದ ದುಃಖದಲ್ಲಿರುವವರು ಒಂಟಿಯಾಗುವುದಿಲ್ಲ ಎಂದೆ. ಕಾಯಿಲೆ ಬಿದ್ದವರಿಗಾಗಿ ಪ್ರಾರ್ಥಿಸುವಾಗ ತಂದೆಯ ಹೆಸರಲ್ಲ, ತಾಯಿಯ ಹೆಸರು ಕೇಳುತ್ತಾರೆ, ಇಂಥ ತಾಯಿಯ ಮಗಳು ಇಂಥವಳು ಎಂದು ದೇವರಿಗೆ ಗುರುತು ಹೇಳುತ್ತಾರೆ ಎಂದೂ ಹೇಳಿದೆ. ಇದು ನಿನಗೆ ಎಷ್ಟು ಹಿಡಿಸಿತೆಂದರೆ ಅವತ್ತು ಕಾಫಿ ಆರಿ ಹೋಯಿತು.

ಆಮೇಲೆ ನಾನು ಬುದ್ಧಿ ಹೇಳಲಿಲ್ಲವೇ? ಕ್ರೈಸ್ತರಿಗೂ ವಿಶ್ರಾಂತಿಯ ದಿನ ಉಂಟು, ಮುಸ್ಲಿಮರಿಗೂ ದಾನ ಕಡ್ಡಾಯ, ಬೌದ್ಧರಿಗೂ ಪ್ರಶ್ನೆ ಕೇಳುವ ಹಕ್ಕುಂಟು, ಎಲ್ಲ ಕಡೆಯೂ ಎಲ್ಲವೂ ಇದೆ, ಇರುವ ಕಡೆಯೇ ಇದ್ದುಬಿಡು ಎಂದು ಗಂಟಲು ಹರಿದುಕೊಂಡೆ. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ನೀನು, ಅಂಗಡಿಯಲ್ಲಿರೋ ಕನ್ನಡಕವೆಲ್ಲ ಚೆನ್ನಾಗೇ ಇರತ್ತೆ ಅಮ್ಮಾ, ನನ್ನ ಕಣ್ಣಿಗೆ ಹೊಂದೋದು ಮಾತ್ರ ಒಂದೇ ಎಂದು ಹೇಳಿ ಪೆಟ್ಟಿಗೆ ಕಟ್ಟಿದೆ. ಯಾವನೋ ಹುಡುಗನಿಗಾಗಿ ಹೋಗಿದ್ದರೆ ಬೈಯಲು ನನಗೊಬ್ಬ ಸಿಗುತ್ತಿದ್ದ. ಹುಡುಗನೂ ಇಲ್ಲ! ದೇವರನ್ನು ಬೈಯೋಣವೆಂದರೆ, ಅವನ ಜೊತೆ ವಾದ ಮಾಡುವ ಕೆಲಸವನ್ನೂ ನೀನೇ ವಹಿಸಿಕೊಂಡಿದ್ದೀಯೆ.

ಆ ಪಾಠದ ಕೊನೆಯಲ್ಲೊಂದು ಕೋಷ್ಟಕವಿತ್ತಲ್ಲ, ಧರ್ಮಕ್ಕೆ ಸೇರುವುದು ಹೇಗೆ ಎಂದು? ಕ್ರೈಸ್ತರಿಗೆ ನೀರಿನ ದೀಕ್ಷೆ ಎಂದು ಬರೆದೆ. ಇಸ್ಲಾಮಿಗೆ, ಮನಸಾರೆ ನಂಬಿ ಹೇಳುವ ಒಂದು ಮಾತು. ಬೌದ್ಧರಿಗೆ ಮೂರು ಶರಣು. ಹಿಂದೂಗಳ ಚೌಕಕ್ಕಾಗಿ ನಾನೂ ಸಂಪಾದಕರೂ ಕಿತ್ತಾಡಿ, ಕೊನೆಗೆ ಬಹುಮಟ್ಟಿಗೆ ಹುಟ್ಟಿನಿಂದ ಎಂದು ಹಾಕಿ ಕೈ ತೊಳೆದುಕೊಂಡೆವು. ಯಹೂದಿಗಳ ಚೌಕದಲ್ಲಿ, ಕೇಳಿಕೊಂಡು ಹೋದರೆ ಮೊದಲು ವಾಪಸು ಕಳಿಸುತ್ತಾರೆ ಎಂದು ಬರೆದಿದ್ದೆ. ಇದೇನು ಉತ್ತರ ಎಂದು ಸಂಪಾದಕರು ಅದನ್ನು ಹೊಡೆದುಹಾಕಿದರು. ಅದು ಉತ್ತರವೇ ಎಂಬುದು ನಿನ್ನ ಹೋದ ತಿಂಗಳ ಕಾಗದದಿಂದ ಗೊತ್ತಾಯಿತು. ರಬ್ಬಿ ಎರಡನೇ ಸಲವೂ ವಾಪಸು ಕಳಿಸಿದರು, ಈಗ ನಿನಗೆ ಖುಷಿಯಾ ಎಂದು ನೀನು ಬರೆದಿದ್ದೆ.

ಖುಷಿಯಾಗಬೇಕಿತ್ತು. ಆಗಲಿಲ್ಲ.

ಮೊನ್ನೆ ಬೇರೊಂದು ಕೆಲಸಕ್ಕಾಗಿ ನಿನ್ನ ಊರಿಗೆ ಬಂದಿದ್ದೆ. ಕೆಲಸ ಬೇಗ ಮುಗಿಯಿತು, ರಬ್ಬಿಯ ವಿಳಾಸ ನಿನ್ನ ಕಾಗದದಲ್ಲೇ ಇತ್ತು, ಹೋದೆ. ವಾಚು ರಿಪೇರಿ ಅಂಗಡಿಯ ಮೇಲಿನ ಆ ಕೋಣೆ, ಮಡಿಚಿ ಗೋಡೆಗೆ ಒರಗಿಸಿಟ್ಟ ಕುರ್ಚಿಗಳು, ಕಿಟಕಿಯಲ್ಲಿ ಒಣಗಲು ಹಾಕಿದ ಕಾಲುಚೀಲ. ನಿಜ ಹೇಳುತ್ತೇನೆ, ನಾನು ಹೋದದ್ದು ನಿನ್ನನ್ನು ವಾಪಸು ಕಳಿಸಿದ್ದಕ್ಕೆ ಅವರಿಗೆ ಥ್ಯಾಂಕ್ಸ್ ಹೇಳಲು. ಮೆಟ್ಟಿಲು ಹತ್ತುತ್ತ ಮಾತನ್ನೂ ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಮಾತ್ರ, ನನ್ನ ಮಗಳಿಗೆ ಏನ್ರೀ ಕಡಿಮೆಯಾಗಿದೆ ಅಂತ ವಾಪಸ್ ಕಳಿಸ್ತಾ ಇದ್ದೀರಿ ಎಂದು!

ಆ ಮುದುಕ ರಬ್ಬಿ ಗಾಬರಿಯಾಗಿ ಕುರ್ಚಿ ಬಿಡಿಸಿ ಹಾಕಿದರು. ನಾನು ಕೂರಲಿಲ್ಲ. ಬೇರೆಯವರು ಬನ್ನಿ ಬನ್ನಿ ಎಂದು ಕರೆಯುತ್ತಾರೆ, ನೀವು ತಾನಾಗಿ ಬಂದವಳ ಮುಖಕ್ಕೆ ಬಾಗಿಲು ಹಾಕುತ್ತೀರಿ ಎಂದೆ. ಅವರು ಸಮಾಧಾನವಾಗಿಯೇ ಹೇಳಿದರು: ಒಳ್ಳೆಯವರಾಗೋಕೆ ಯಹೂದಿ ಆಗ್ಬೇಕಿಲ್ಲಮ್ಮ, ಅದಕ್ಕೇ ನಾವು ಯಾರನ್ನೂ ಕರೆಯೋದಿಲ್ಲ. ನಮ್ಮ ಜೊತೆ ಸೇರಿದವರು ನಮ್ಮ ಕಷ್ಟಕ್ಕೂ ಸೇರ್ತಾರೆ, ಅವರ ಮನಸ್ಸು ಗಟ್ಟಿಯಿದೆಯೋ ನೋಡ್ಬೇಕಲ್ಲ. ಗಟ್ಟಿಯೇ? ಅವಳ ಹಟ ನಿಮಗೇನು ಗೊತ್ತು, ಎಡಗಾಲಿನ ಶೂ ಬಲಗಾಲಿಗೇ ಸರಿ ಎಂದು ಇಡೀ ದಿನ ಸ್ಕೂಲಲ್ಲಿ ನಡೆದವಳು ಎಂದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ನಿನ್ನ ಪರವಾಗಿ ನೀನೂ ಇಷ್ಟು ಚೆನ್ನಾಗಿ ವಾದಿಸಿಲ್ಲವಂತೆ. ಆಗ ಕೂತೆ. ನಿನ್ನನ್ನು ತಡೆಯಲು ಹೊರಟವಳು ಎಲ್ಲಿಗೆ ಬಂದು ನಿಂತಿದ್ದೆ ನೋಡು.

ಜಗಳವಾದದ್ದು ಆಮೇಲೆ. ಅವಳನ್ನು ಸೇರಿಸಿಕೊಂಡರೆ ಏನೆಂದು ಕರೆಯುತ್ತೀರಿ ಎಂದು ಕೇಳಿದೆ. ಹೊಸ ಹೆಸರು, ಜೊತೆಗೆ ಅಬ್ರಹಾಮ ಮತ್ತು ಸಾರಾಳ ಮಗಳು ಎಂದರು. ಹೊಸದಾಗಿ ಸೇರಿದವರೆಲ್ಲರೂ ಆ ಆದಿ ದಂಪತಿಯ ಮಕ್ಕಳಂತೆ. ಅವಳು ಕಾಯಿಲೆ ಬಿದ್ದರೆ ಯಾವ ತಾಯಿಯ ಹೆಸರು ಹೇಳುತ್ತೀರಿ ಎಂದೆ. ಸಾರಾಳದೇ ಎಂದರು. ಪುಟ್ಟೀ, ನನಗೆ ಮೈಯೆಲ್ಲ ಉರಿಯಿತು. ನಿನಗೆ ಜ್ವರ ಬಂದಾಗಲೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಸಾರಾಳೇ? ತಾಯಿಯ ಹೆಸರು ಕೇಳುವ ಧರ್ಮವೆಂದು ಮೆಚ್ಚಿ ಹೇಳಿದವಳು ನಾನು, ಅಲ್ಲಿ ಹೋಗಿ ನೋಡಿದರೆ ನನ್ನ ಹೆಸರೇ ಇಲ್ಲ. ಇದನ್ನೇ ಸ್ವಲ್ಪ ಜೋರಾಗಿ ಹೇಳಿದೆ. ಕೆಳಗಿನ ವಾಚಿನವನು ಮೇಲೆ ಬಂದು ನೋಡಿ ಹೋದ.

ಹೆತ್ತ ತಾಯಿಯನ್ನು ಗೌರವಿಸುವುದು ಅವಳಿಗೆ ಆಗಲೂ ತಪ್ಪುವುದಿಲ್ಲ, ಅದಕ್ಕೇನೂ ಕುಂದು ಬರಬಾರದು, ನೀವು ಹೋದ ಮೇಲೆ ನಿಮಗಾಗಿ ಅವಳು ನಮ್ಮ ಪ್ರಾರ್ಥನೆ ಹೇಳಬಹುದು ಎಂದು ಅವರು ಸಮಾಧಾನ ಮಾಡಿದರು. ಹೋದ ಮೇಲಿನದು ಯಾಕೆ, ಇರುವಾಗ ವಾರಕ್ಕೊಂದು ಫೋನ್ ಮಾಡಲಿ ಎಂದು ಬಂದೆ. ನಿನ್ನ ಮನೆಗೆ ಬರದಿದ್ದಕ್ಕೆ ಕಾರಣ, ಬಸ್ಸಿಗೆ ಹೊತ್ತಾಗಿತ್ತು.

ಮೂರನೇ ಸಲ ಹೋಗು. ಈ ಸಲ ಅವರು ಬೇಡ ಎನ್ನುವುದಿಲ್ಲ ಎಂದು ನನಗನ್ನಿಸುತ್ತದೆ. ಹಾಗೇನಾದರೂ ಬೇಡ ಎಂದರೆ, ನನ್ನನ್ನು ಮತ್ತೆ ಕಳಿಸುತ್ತೇನೆಂದು ಹೇಳಿ ಹೆದರಿಸು. ಹೊಸ ಹೆಸರು ಏನಾದರೂ ಇರಲಿ, ನಾನು ಪುಟ್ಟಿ ಎಂದೇ ಕೂಗುವವಳು. ತಿರುಗಿ ನೋಡದಿದ್ದರೆ ನೋಡು.

ಇಂತಿ,
ಸಾರಾಳಿಗಿಂತ ಮೊದಲು ನಿನ್ನನ್ನು ಹೆತ್ತ,
ಅಮ್ಮ

ಮರೆತಿದ್ದೆ: ಬಸ್ಸಿಗೆ ಹೊತ್ತಾಗಿರಲಿಲ್ಲ. ನಿನ್ನ ಮನೆಗೆ ಬಂದಿದ್ದರೆ ನನ್ನ ಕೈಯಲ್ಲಿದ್ದ ಆಸ್ಪತ್ರೆಯ ಚೀಲವನ್ನು ನೀನು ನೋಡುತ್ತಿದ್ದೆ. ರಬ್ಬಿ ಅದನ್ನು ನೋಡಿದರು. ಇಳಿಯುವಾಗ ಮೆಟ್ಟಿಲ ತನಕ ಬಂದು, ನಿಮ್ಮ ತಾಯಿಯ ಹೆಸರೇನಮ್ಮ ಎಂದು ಕೇಳಿದರು. ಹೇಳಿದೆ. ನಿನ್ನ ಅಜ್ಜಿಯ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ವರ್ಷವಾಗಿತ್ತೋ. ಆಪರೇಷನ್ ಬರುವ ಮಂಗಳವಾರ, ನಿನ್ನ ಊರಿನಲ್ಲೇ. ಬಾ.