ಮಸ್ಕಿ ಬಯಲಿನಿಂದ ಹಾರಿದ ವಿಮಾನ

ಯಜಮಾನರೇ,

ನೀವು ಎಲ್ಲಿದ್ದೀರೋ ತಿಳಿಯದ್ದರಿಂದ ಈ ಕಾಗದವನ್ನು ಟಪಾಲಿಗೆ ಹಾಕುವುದಿಲ್ಲ.

ಇವತ್ತು ಪೊಲೀಸ್ ಠಾಣೆಯ ಅಮೀನ್ ಸಾಹೇಬರು ಮನೆಗೆ ಬಂದು, "ಪರವಾನಗಿ ಇಲ್ಲದ ವಿಮಾನ ಕಟ್ಟಿ ನಿನ್ನ ಗಂಡ ನಮ್ಮ ಸಂಸ್ಥಾನ ಬಿಟ್ಟು, ಹೊಳಿ ದಾಟಿ ಇಂಗ್ರೇಜರ ಸೀಮಿಗೆ ಹೋಗ್ಯಾನೇನು?" ಎಂದು ಕೇಳಿದರು.

ನನಗೂ ಅದೇ ಗುಮಾನಿ. ಬಿದಿರಿಗೆ ನಾನೇ ಹೊಲಿದ ಬಟ್ಟೆ ಹೊದಿಸಿ, ಹಳೆಯ ಮೋಟಾರ್ ಸೈಕಲ್ಲಿನ ಇಂಜಿನ್ ಕೂಡಿಸಿ ನೀವು ಕಟ್ಟಿದ ವಿಮಾನ ಅದು. ಪರೀಕ್ಷೆಗೆ ಹಾರಿಸುವಾಗಲೆಲ್ಲ ಒಂದು ಸೀಸೆ ಪೆಟ್ರೋಲು ಹಾಕಿ, ಬಯಲಿನ ಮೇಲೆ ಸುತ್ತು ಹೊಡೆದು ಇಳಿಯುತ್ತಿದ್ದಿರಿ. ಮೊನ್ನೆ ಮಾತ್ರ ಟ್ಯಾಂಕ್ ತುಂಬಿಸಿದಿರಿ, ಮದುವೆಯ ಕೋಟು ತೊಟ್ಟಿರಿ. "ಈಗ ಬರ್ತೀನಿ, ರೊಟ್ಟಿ ಬಡಿ" ಎಂದಿರಿ. ಎಲ್ಲವನ್ನೂ ನೋಡಿಯೂ ನಾನು ರೊಟ್ಟಿಗೆ ಹಿಟ್ಟು ನಾದಿದೆ. ವಿಮಾನ ಹೊಳೆಯ ಕಡೆಗೆ, ಸಿಂಧನೂರಿನ ದಿಕ್ಕಿಗೆ ಹೋಗಿ ಮರೆಯಾಯಿತು. ಆಚೆ ನಿಮಗಾಗಿ ಯಾರು ಕಾಯುತ್ತಿದ್ದರೋ.

"ಹೊಳ್ಯಾಗ ಬಿದ್ದು ಸತ್ತಾರಂತ್ರಿ" ಎಂದೆ ಅಮೀನರಿಗೆ.

"ಹಂಗಾರ ಕೈಯಾಗ ಬಳಿ ಯಾಕದಾವು?"

ಅವರೆದುರೇ ಹೊಸ್ತಿಲಿಗೆ ಕೈ ಬಡಿದು ಬಳೆ ಒಡೆದುಕೊಂಡೆ. ಅವರು ತಲೆ ತಗ್ಗಿಸಿ ಹೊರಟುಹೋದರು. ಇನ್ನು ನಿಮ್ಮನ್ನು ಯಾರೂ ಹುಡುಕುವುದಿಲ್ಲ.

ಸುದ್ದಿ ಸಂಜೆಯೊಳಗೆ ಲಿಂಗಸುಗೂರು ಮುಟ್ಟುತ್ತದೆ. ನಿಮ್ಮ ಅವ್ವ ಅಳುತ್ತ ಬಂಡಿ ಹತ್ತುತ್ತಾರೆ. ಅವರ ಮುಂದೆ ಏನು ಹೇಳಲಿ, ನೀವೇ ಹೇಳಿ.