ಕಿಟಕಿ ಮುಚ್ಚಿ ಮಾಡಿದ ಬಾಸಿಂಗ

ಮಧುಗಿರಿ
ತಾ. 11-5-1936, ಸೋಮವಾರ

ಮುದ್ದು ಮಂಗಳಾ,

ನಿನಗೂ ಅಳಿಯಂದಿರಿಗೂ ಶಿವ ಒಳ್ಳೆಯದು ಮಾಡಲಿ. ನಿನ್ನ ಕೆಮ್ಮು ಹೇಗಿದೆ? ಆ ಪಾವಗಡದ ಧೂಳಿನಲ್ಲಿ ಅದು ವಾಸಿಯಾದೀತೆಂದು ನನಗೆ ನಂಬಿಕೆಯಿಲ್ಲ. ಕಷಾಯ ಕುಡಿಯುತ್ತಿದ್ದೇನೆ ಎಂದು ನೀನು ಬರೆದರೂ ನಂಬುವುದಿಲ್ಲ. ಇಲ್ಲಿ ಬೆಟ್ಟದ ಬಂಡೆ ಕಾದು ಊರೆಲ್ಲ ಒಲೆಯಾಗಿದೆ. ನಿಮ್ಮ ಅಪ್ಪನವರ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಚುರುಕಾಗಿದೆ. ಯುಗಾದಿಗೆ ನಾನು ಬರೆದ ಕಾಗದಕ್ಕೆ ನೀನು ಉತ್ತರ ಹಾಕಿಲ್ಲ. ಅದಕ್ಕೂ ಮೊದಲು ನೀನು ಕೇಳಿದ್ದಕ್ಕೆ ನಾನೂ ಉತ್ತರ ಹೇಳಿರಲಿಲ್ಲ, ಗೊತ್ತು. "ಅಮ್ಮಾ, ಇಲ್ಲಿ ಬಾಸಿಂಗ ಕಟ್ಟುವವರೇ ಇಲ್ಲ, ನಾನು ಕಟ್ಟಲಾ?" ಎಂದು ಕೇಳಿದ್ದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಜಯಕ್ಕನ ಸಮಾಚಾರ. ನಾಗಲಿಂಗಯ್ಯನವರ ಮಗನ ಮದುವೆಯಲ್ಲಿ ಗಂಡಿನ ಹಣೆಯ ಮೇಲೆ ಆ ಹೆಂಗಸು ಕಟ್ಟಿದ ಬಾಸಿಂಗ ನೋಡಿದೆ. ಎದುರುಬದುರು ಎರಡು ಗಿಳಿ, ನಡುವೆ ದ್ರಾಕ್ಷಿಗೊಂಚಲು! ಅಮಲ್ದಾರರ ಮನೆಯ ಮದುವೆಗೆಂದು ನಾನು ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಮಾದರಿ ಅದೇ. ಅದನ್ನು ಕಂಡವರು ನಾನು ಮತ್ತು ನೀನು, ಇಬ್ಬರೇ. ಬಡಿಸಿದ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ. ಮನೆಗೆ ಬಂದವಳೇ ನಿನಗೆ ಯುಗಾದಿಯ ಆ ಕಾಗದ ಬರೆದೆ. ನೀನು ಯಾರಿಗೆ ಹೇಳಿದೆ ಎಂದು ಕೇಳುವುದು ತಪ್ಪೇನು? ನಾನು ಕೆಲಸಕ್ಕೆ ಕೂತರೆ ಕಿಟಕಿ ಮುಚ್ಚುತ್ತೇನೆ, ಬಾಗಿಲ ಸಂದಿಗೆ ಬಟ್ಟೆ ತುರುಕುತ್ತೇನೆ, ಬೆಂಡಿನ ಚೂರುಗಳನ್ನು ಒಲೆಗೆ ಹಾಕುತ್ತೇನೆ. ನಿಮ್ಮ ಅಪ್ಪ "ಖೋಟಾ ರೂಪಾಯಿ ಅಚ್ಚು ಹಾಕ್ತಿದೀಯೇನೇ?" ಎಂದು ಹಂಗಿಸುತ್ತಾರೆ. ಇಷ್ಟು ಕಾವಲಿದ್ದೂ ಮಾದರಿ ಹೊರಗೆ ಹೋಗಿದೆ ಎಂದರೆ ಮನೆಯವರ ಮೇಲಲ್ಲದೆ ಇನ್ನಾರ ಮೇಲೆ ಅನುಮಾನ ಪಡಲಿ?

ನಿನ್ನ ಉತ್ತರಕ್ಕೆ ಕಾದು ಸಾಕಾಗಿ ಜಯಕ್ಕನ ಮನೆಗೇ ಹೋದೆ. ಬೆಂಡು, ಮಿರುಗುವ ಬೇಗಡೆ, ಮಣಿ ಎಲ್ಲವನ್ನೂ ಬೀದಿ ಜಗುಲಿಯ ಮೇಲೆ ಹರಡಿಕೊಂಡು ಕೂತಿದ್ದಾಳೆ, ಬೀದಿಯಲ್ಲಿ ಹೋಗುವವರೆಲ್ಲ ನೋಡುವ ಹಾಗೆ! ಕೇಳಿದರೆ ನಗುತ್ತಾಳೆ. "ನಿಮ್ ಗಿಳಿ ತೋವಿನಕೆರೆ ಶಾನುಭೋಗ್ರ ಮನೆ ಕಂಬ್ದಾಗೆ ಕುಂತೈತೆ ಕಣಕ್ಕಾ. ಒಂಟಿಯಾಗೈತಲ್ಲ ಅಂತ ಎದುರ್ಗೆ ಇನ್ನೊಂದು ಕೂರಿಸ್ದೆ. ನಾನ್ಯಾಕೆ ನಿಮ್ ಕಿಟಕಿತಾವ ಬರ್ಲಿ?" ಎಂದಳು. ನಾನು ನಂಬಲಿಲ್ಲ. ಮಾರನೆಯ ದಿನವೇ ಗಾಡಿ ಕಟ್ಟಿಸಿಕೊಂಡು ತೋವಿನಕೆರೆಗೆ ಹೋದೆ. ನೀನು ಲಂಗ ಉಡುತ್ತಿದ್ದಾಗ ನಾನು ಕಟ್ಟಿಕೊಟ್ಟ ಬಾಸಿಂಗ ಹೊಗೆ ಹಿಡಿದು ಕಂಬದಲ್ಲಿ ತೂಗುತ್ತಿತ್ತು. ಅದರಲ್ಲಿ ಒಂದೇ ಒಂದು ಗಿಳಿ, ಕೊಕ್ಕಿನೆದುರು ದ್ರಾಕ್ಷಿಗೊಂಚಲು. ನನ್ನ ಜೋಡಿ ಗಿಳಿ ಹುಟ್ಟಿದ್ದೂ ಅದರಿಂದಲೇ ಎಂದು ಆಗ ನೆನಪಾಯಿತು. ಮದುವೆ ಮುಗಿದ ಮೇಲೆ ಬಾಸಿಂಗವನ್ನು ಕಂಬಕ್ಕೆ ಕಟ್ಟುವುದು ನಮ್ಮ ಪದ್ಧತಿಯೇ ಅಲ್ಲವೇ ಮಂಗಳಾ! ನಾನು ಕಿಟಕಿ ಮುಚ್ಚಿ ಮಾಡಿದ್ದನ್ನೆಲ್ಲ ಈ ಸೀಮೆಯ ಮನೆಮನೆಯವರೂ ನಡುಮನೆಯಲ್ಲಿ ತೂಗುಹಾಕಿಕೊಂಡಿದ್ದಾರೆ. ಗಾಡಿಯಲ್ಲಿ ಬರುತ್ತಾ ನನಗೆ ನಗುವೂ ಬಂತು, ಅಳುವೂ ಬಂತು.

ಅಳು ಬಂದದ್ದು ಬೇರೆ ಕಾರಣಕ್ಕೆ. ಅಮಲ್ದಾರರ ಮನೆಯ ಮದುವೆ ಮುಂದಿನ ವಾರ. ನನ್ನ ತಲೆಯಲ್ಲಿ ಉಳಿದಿದ್ದ ಒಳ್ಳೆಯ ಮಾದರಿ ಅದೊಂದೇ, ಅದೂ ಹೋಯಿತು, ಇನ್ನು ನಾನು ಬರಿದಾದೆ ಎಂದುಕೊಂಡೆ. ಸೆಖೆ ತಾಳಲಾರದೆ ಕಿಟಕಿ ತೆಗೆದು ಕೂತೆ. ಸಿಟ್ಟಿನಲ್ಲೇ ಮತ್ತೆ ಅದೇ ಗಿಳಿಯ ರೆಕ್ಕೆ ಕೆತ್ತಲು ಹೋಗಿ ಬೆಂಡು ಮುರಿಯಿತು. ಬಿಸಾಡಲು ಮನಸ್ಸಾಗದೆ ತಿರುಗಿಸಿ ಇಟ್ಟೆ. ಬಿರಿದ ದಾಳಿಂಬೆಯ ಸಿಪ್ಪೆ! ಒಳಗೆ ಕೆಂಪು ಮಣಿ ಪೋಣಿಸಿದೆ. ಅದು ಮುಗಿಯುವ ಮೊದಲೇ ಜೋಳದ ತೆನೆಯೊಂದು ಹೊಳೆಯಿತು, ಅದರ ಹಿಂದೆಯೇ ಕೆರೆಯ ಕೊಕ್ಕರೆ. ನನಗೆ ಇದರ ಮೇಲೂ ಅನುಮಾನ. ಇಷ್ಟು ದಿನ ಇವೆಲ್ಲ ಎಲ್ಲಿದ್ದವು? ಪೆಟ್ಟಿಗೆಯಲ್ಲಿ ಆ ಗಿಳಿ ಕಾಯುತ್ತಾ ಕೂತಿದ್ದಷ್ಟು ಕಾಲ ಒಂದೂ ನನ್ನ ಹತ್ತಿರ ಸುಳಿಯಲಿಲ್ಲವಲ್ಲ! ಜಯಕ್ಕ ಹಾದುಹೋಗುವಾಗ ಕಿಟಕಿಯಿಂದ ಇಣುಕಿ "ದಾಳಿಂಬೆ ಚೆಂದಾಗೈತೆ ಕಣಕ್ಕಾ" ಎಂದಳು. ಅಭ್ಯಾಸಬಲದಿಂದ ಸೆರಗು ಮುಚ್ಚಿದೆ. ಆಮೇಲೆ ತೆಗೆದೆ. ಅವಳು ಅದನ್ನು ಏನು ಮಾಡುತ್ತಾಳೋ ನೋಡಬೇಕೆಂದು ನನಗೇ ಆಸೆಯಾಗಿದೆ.

ನಿನ್ನ ಅತ್ತೆಯವರಿಗೆ ನಮಸ್ಕಾರ ತಿಳಿಸು. ಮುತ್ತೈದೆಯಾಗಿ ನೂರು ಕಾಲ ಬಾಳು.

ನಿನ್ನ ತಾಯಿ,
ದಾಕ್ಷಾಯಣಮ್ಮ

ಮರೆತಿದ್ದೆ, ಟಪಾಲಿನವನು ಬಾಗಿಲಲ್ಲೇ ನಿಂತಿದ್ದಾನೆ. ಬಾಸಿಂಗ ಕಟ್ಟು. ನನ್ನ ಗಿಳಿಯನ್ನಾದರೂ ಇಡು, ನಿನಗೆ ತೋಚಿದ್ದನ್ನಾದರೂ ಇಡು. ನೀನು ಜಯಕ್ಕನಿಗೆ ಹೇಳಿಲ್ಲವೆಂದು ನನಗೆ ಮೊದಲೇ ಗೊತ್ತಿರಬೇಕಿತ್ತು. ಮೊದಲು ಕಟ್ಟಿದ್ದನ್ನು ಇಲ್ಲಿಗೆ ಕಳಿಸು. ನಮ್ಮ ಕಂಬದಲ್ಲಿ ನಿನ್ನ ಮದುವೆಯ ಬಾಸಿಂಗದ ಪಕ್ಕ, ಬೀದಿಗೆ ಕಾಣುವ ಹಾಗೆ, ಇನ್ನೊಂದು ಮೊಳೆ ಹೊಡೆಸಿದ್ದೇನೆ.